ವೈಡ್ ಕ್ಯಾರೆಕ್ಟರ್ ಬರಹ: ಸಿ ಪ್ರೋಗ್ರಾಮಿನಿಂದ ಟರ್ಮಿನಲ್‌ಗೆ

ವೈಡ್ ಕ್ಯಾರೆಕ್ಟರ್ ಎಂದರೆ ಸಿ ಭಾಷೆಯಲ್ಲಿ ಒಂದು ಲಿಪಿಚಿಹ್ನೆಯ ಸಂಕೇತಸಂಖ್ಯೆಯನ್ನು ಇಡಿಯಾಗಿ ಹಿಡಿದಿಡುವ ಪೂರ್ಣಾಂಕ. ಒಂದು ಬೈಟಿನ ‘ಚಾರ್’ ಮಾದರಿಗಿಂತ ಇದು ಸಾಮಾನ್ಯವಾಗಿ ದೊಡ್ಡದು. ಇಂಗ್ಲಿಷ್ ವರ್ಣಮಾಲೆಯ ಆಚೆಗಿನ ಲಿಪಿಗಳನ್ನು ಪ್ರೋಗ್ರಾಮಿನೊಳಗೆ ನಿಭಾಯಿಸಲು ಸಿ ಮಾನಕವು ಒದಗಿಸಿರುವ ದಾರಿಗಳಲ್ಲಿ ಇದು ಒಂದು. ಇಂಥ ಪಠ್ಯ ಟರ್ಮಿನಲ್ ಕಿಟಕಿಯಲ್ಲಿ ಕಾಣಬೇಕಾದರೆ ಮೂರು ಹಂತಗಳನ್ನು ದಾಟಬೇಕು. ಸಿ ಲೈಬ್ರರಿ ಅದನ್ನು ಬೈಟ್‌ಗಳಾಗಿ ಪರಿವರ್ತಿಸುತ್ತದೆ, ಆಪರೇಟಿಂಗ್ ಸಿಸ್ಟಮ್ ಆ ಬೈಟ್‌ಗಳನ್ನು ಸಾಗಿಸುತ್ತದೆ, ಟರ್ಮಿನಲ್ ಅವನ್ನು ಮತ್ತೆ ಸಂಕೇತಗಳಾಗಿ ಓದಿಕೊಂಡು ತೆರೆಯ ಮೇಲೆ ಚಿತ್ರಿಸುತ್ತದೆ.

ಪ್ರತಿ ಹಂತವೂ ಪಠ್ಯವನ್ನು ತನ್ನದೇ ಮಾನದಲ್ಲಿ ಎಣಿಸುತ್ತದೆ. ‘ಕನ್ನಡ’ ಎಂಬ ಪದ ಓದುವವರಿಗೆ 3 ಅಕ್ಷರ. ಯೂನಿಕೋಡ್‌ನಲ್ಲಿ ಅದು ಕ, ನ, ಸ್ವರ ಕಳೆಯುವ ವಿರಾಮಚಿಹ್ನೆ (‘್’), ನ, ಡ ಎಂಬ 5 ಸಂಕೇತ. ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ 15 ಬೈಟ್. ಟರ್ಮಿನಲ್ ಅಗಲವನ್ನು ಲೆಕ್ಕ ಹಾಕುವ ಪ್ರಮಾಣಿತ ಫಂಕ್ಷನ್‌ಗೆ 4 ಕಾಲಂ. ವೈಡ್ ಕ್ಯಾರೆಕ್ಟರ್ ಬರಹದ ತೊಡಕುಗಳಲ್ಲಿ ಹೆಚ್ಚಿನವು ಈ ನಾಲ್ಕು ಎಣಿಕೆಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದರಿಂದ ಹುಟ್ಟುತ್ತವೆ.

ಹಿನ್ನೆಲೆ

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದಾಗ ಒಂದು ಕ್ಯಾರೆಕ್ಟರ್‌ಗೆ ಒಂದು ಬೈಟ್ ಧಾರಾಳವಾಗಿತ್ತು. 7 ಬಿಟ್‌ಗಳ ಆಸ್ಕಿ ಪಟ್ಟಿಯಲ್ಲಿದ್ದದ್ದು 128 ಸಂಕೇತಗಳು ಮಾತ್ರ. ಸಾವಿರಾರು ಚಿಹ್ನೆಗಳಿರುವ ಜಪಾನೀ, ಚೀನೀ ಬರಹಗಳಿಗೆ ಇದು ಸಾಲಲಿಲ್ಲ. ಜಪಾನಿನಲ್ಲಿ ಬಳಕೆಗೆ ಬಂದ ಶಿಫ್ಟ್-ಜಿಸ್‌ನಂಥ ಪದ್ಧತಿಗಳು ಒಂದು ಚಿಹ್ನೆಗೆ ಒಮ್ಮೆ ಒಂದು, ಒಮ್ಮೆ ಎರಡು ಬೈಟ್ ಬಳಸಿದವು. ಹೀಗೆ ಬೈಟ್‌ಗಳ ಸಂಖ್ಯೆ ಬದಲಾಗುವ ರೂಪಕ್ಕೆ ಮಲ್ಟಿಬೈಟ್ ಎಂದು ಹೆಸರು. ಸಾಗಣೆಗೆ ಅದು ಅನುಕೂಲ, ಸಂಸ್ಕರಣೆಗೆ ಕಷ್ಟ. ಸ್ಟ್ರಿಂಗಿನ ನಡುವಿನ ಒಂದು ಬೈಟನ್ನು ಮಾತ್ರ ನೋಡಿದರೆ ಅದು ಸ್ವತಂತ್ರ ಚಿಹ್ನೆಯೋ ಇನ್ನೊಂದರ ಬಾಲವೋ ತಿಳಿಯದು. ಶಿಫ್ಟ್-ಜಿಸ್‌ನ ಎರಡನೆಯ ಬೈಟ್ ಆಸ್ಕಿಯ ಹಿಂಬದಿ ಓರೆಗೆರೆಯ ಸಂಖ್ಯೆಯಾದ 92 ಆಗಿರುವುದೂ ಉಂಟು.

ಈ ಕಷ್ಟಕ್ಕೆ ಪರಿಹಾರವಾಗಿ 1989ರ ಆನ್ಸಿ ಮಾನಕ ಮತ್ತು 1990ರ ಐಎಸ್‌ಒ ಮಾನಕಗಳು ‘ಡಬ್ಲ್ಯುಚಾರ್-ಟಿ’ ಎಂಬ ಮಾದರಿಯನ್ನು ತಂದವು. ಉದ್ಧರಣ ಚಿಹ್ನೆಗಿಂತ ಮೊದಲು ದೊಡ್ಡ ‘ಎಲ್’ ಅಕ್ಷರವಿಟ್ಟರೆ ಅದು ವೈಡ್ ಸ್ಟ್ರಿಂಗ್ ಆಗುತ್ತದೆ. ಎರಡು ರೂಪಗಳ ನಡುವೆ ಪರಿವರ್ತಿಸುವ ಕೆಲವು ಫಂಕ್ಷನ್‌ಗಳೂ ಜೊತೆಗೆ ಬಂದವು, ಆದರೆ ವೈಡ್ ಪಠ್ಯವನ್ನು ನೇರವಾಗಿ ಓದಿ ಬರೆಯುವ ಸೌಲಭ್ಯ ಇರಲಿಲ್ಲ. ಅದನ್ನು ಒದಗಿಸಿದ್ದು 1995ರ ತಿದ್ದುಪಡಿ. ‘ಡಬ್ಲ್ಯುಚಾರ್’ ಮತ್ತು ‘ಡಬ್ಲ್ಯುಸಿಟೈಪ್’ ಹೆಡರ್‌ಗಳು, ‘ಡಬ್ಲ್ಯುಪ್ರಿಂಟ್‌ಎಫ್’ ಕುಟುಂಬ, ಅರ್ಧಕ್ಕೆ ನಿಂತ ಪರಿವರ್ತನೆಯ ಸ್ಥಿತಿಯನ್ನು ನೆನಪಿಡುವ ‘ಎಂಬಿಸ್ಟೇಟ್-ಟಿ’ ಇವೆಲ್ಲ ಆಗ ಸೇರಿದವು. 2011ರ ಸಿ11 ಮಾನಕ 16 ಮತ್ತು 32 ಬಿಟ್‌ಗಳ ಎರಡು ಹೊಸ ಕ್ಯಾರೆಕ್ಟರ್ ಮಾದರಿಗಳನ್ನೂ ಯುಟಿಎಫ್-8 ಸ್ಟ್ರಿಂಗ್ ಬರೆಯುವ ಪೂರ್ವಪ್ರತ್ಯಯವನ್ನೂ ಕೊಟ್ಟಿತು. ಆದರೆ ಆ ಮಾದರಿಗಳ ಪಠ್ಯವನ್ನು ನೇರವಾಗಿ ಮುದ್ರಿಸುವ ಫಂಕ್ಷನ್‌ಗಳನ್ನು ಕೊಡಲಿಲ್ಲ.

ಇದೇ ಅವಧಿಯಲ್ಲಿ ಚಿಹ್ನೆಗಳ ಪಟ್ಟಿಯೂ ಒಂದಾಗತೊಡಗಿತು. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಹೊರಬಂತು. 1992ರ ಸೆಪ್ಟೆಂಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಪ್ಲಾನ್ 9 ಆಪರೇಟಿಂಗ್ ಸಿಸ್ಟಮ್‌ಗಾಗಿ ಯುಟಿಎಫ್-8 ಅನ್ನು ರೂಪಿಸಿದರು. ಅದರಲ್ಲಿ ಆಸ್ಕಿ ಚಿಹ್ನೆಗಳು ಮೊದಲಿನಂತೆ ಒಂದೇ ಬೈಟಿನಲ್ಲಿ ಉಳಿಯುತ್ತವೆ; ಉಳಿದವು 2ರಿಂದ 4 ಬೈಟ್ ತೆಗೆದುಕೊಳ್ಳುತ್ತವೆ; ಒಂದು ಚಿಹ್ನೆಯ ಮೊದಲ ಬೈಟನ್ನು ಮುಂದಿನ ಬೈಟ್‌ಗಳೊಂದಿಗೆ ಗೊಂದಲ ಮಾಡಿಕೊಳ್ಳುವಂತಿಲ್ಲ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ದಶಮಾನ ಎಣಿಕೆಯ 3200ರಿಂದ 3327ರವರೆಗಿನ 128 ಸ್ಥಾನಗಳು ಮೀಸಲು. ಇವುಗಳ ಜೋಡಣೆ ಭಾರತೀಯ ಲಿಪಿಗಳ ಇಸ್ಕಿ ಪದ್ಧತಿಯನ್ನು ಅನುಸರಿಸಿದ್ದು. ‘ಕ’ ಅಕ್ಷರದ ಸಂಕೇತ 3221. ಯುಟಿಎಫ್-8ರಲ್ಲಿ ಅದು 224, 178, 149 ಎಂಬ ಮೂರು ಬೈಟ್‌ಗಳಾಗುತ್ತದೆ.

ಮಾದರಿಯ ಗಾತ್ರ

ಡಬ್ಲ್ಯುಚಾರ್-ಟಿ ಎಷ್ಟು ಬಿಟ್‌ಗಳದ್ದಾಗಿರಬೇಕೆಂದು ಮಾನಕ ಹೇಳುವುದಿಲ್ಲ. ಲಿನಕ್ಸ್‌ನಲ್ಲೂ ಮ್ಯಾಕ್‌ಒಎಸ್‌ನಲ್ಲೂ ಅದು 32 ಬಿಟ್. ಯೂನಿಕೋಡ್‌ನ ಅತಿ ದೊಡ್ಡ ಸಂಕೇತ 11,14,111 ಆಗಿರುವುದರಿಂದ ಯಾವ ಸಂಕೇತವೂ ಒಂದೇ ಘಟಕದಲ್ಲಿ ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಅದು 16 ಬಿಟ್. 1993ರಲ್ಲಿ ವಿಂಡೋಸ್ ಎನ್‌ಟಿ ಬಂದಾಗ ಯೂನಿಕೋಡ್ ಕೂಡ 16 ಬಿಟ್‌ಗಳ ಪಟ್ಟಿಯೇ ಆಗಿತ್ತು. ಮುಂದೆ ಪಟ್ಟಿ ಬೆಳೆದು 65,536ರ ಗಡಿ ದಾಟಿದರೂ ಮಾದರಿಯ ಗಾತ್ರ ಹಾಗೇ ಉಳಿಯಿತು. ಗಡಿಯ ಆಚೆಗಿನ ಚಿಹ್ನೆಗಳನ್ನು ಅಲ್ಲಿ ಯುಟಿಎಫ್-16 ಪದ್ಧತಿಯ ಎರಡು ಘಟಕಗಳ ಜೋಡಿಯಾಗಿ ಬರೆಯಲಾಗುತ್ತದೆ. 1,28,512 ಸಂಕೇತದ ನಗುಮುಖ ಲಿನಕ್ಸ್‌ನಲ್ಲಿ ಒಂದು ವೈಡ್ ಕ್ಯಾರೆಕ್ಟರ್, ವಿಂಡೋಸ್‌ನಲ್ಲಿ 55,357 ಮತ್ತು 56,832 ಎಂಬ ಎರಡು. ಆ ಜೋಡಿಯನ್ನು ಬೇರ್ಪಡಿಸಿ ಒಂದೊಂದಾಗಿ ಕಳಿಸಿದರೆ ಯಾವುದಕ್ಕೂ ಅರ್ಥವಿರುವುದಿಲ್ಲ. ಕನ್ನಡದ ಸಂಕೇತಗಳೆಲ್ಲ ಗಡಿಯ ಒಳಗೇ ಇರುವುದರಿಂದ ಈ ತೊಡಕು ಅವುಗಳಿಗಿಲ್ಲ.

ವೈಡ್ ಕ್ಯಾರೆಕ್ಟರ್‌ನ ಬೆಲೆ ಯೂನಿಕೋಡ್ ಸಂಕೇತವೇ ಆಗಿರಬೇಕೆಂದೂ ಮಾನಕ ಕಡ್ಡಾಯ ಮಾಡಿಲ್ಲ. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಗ್ನೂ ಸಿ ಲೈಬ್ರರಿ ಹಾಗೆ ಇಡುತ್ತದೆ ಮತ್ತು ಒಂದು ಪೂರ್ವನಿಶ್ಚಿತ ಮ್ಯಾಕ್ರೋ ಮೂಲಕ ಅದನ್ನು ಪ್ರಕಟಿಸುತ್ತದೆ. ಮೂಲ ಫೈಲಿನ ಎನ್‌ಕೋಡಿಂಗ್ ಕಂಪೈಲರ್‌ಗೆ ಸರಿಯಾಗಿ ತಿಳಿದಿರುವುದೂ ಅಗತ್ಯ. ತಿಳಿಯದಿದ್ದರೆ ಉದ್ಧರಣದೊಳಗಿನ ಕನ್ನಡ ಅಕ್ಷರಗಳು ಪ್ರೋಗ್ರಾಂ ಓಡುವ ಮೊದಲೇ ಕೆಟ್ಟಿರುತ್ತವೆ. ಜಿಸಿಸಿ ಕಂಪೈಲರ್ ಯುಟಿಎಫ್-8 ಎಂದೇ ಭಾವಿಸುತ್ತದೆ. ಮೈಕ್ರೋಸಾಫ್ಟ್ ಕಂಪೈಲರ್‌ಗೆ ಅದನ್ನು ಆಯ್ಕೆಯ ಮೂಲಕ ಹೇಳುವುದು ಸುರಕ್ಷಿತ.

ಲೊಕೇಲ್

ವೈಡ್ ಪಠ್ಯವನ್ನು ಯಾವ ಬೈಟ್‌ಗಳಾಗಿ ಪರಿವರ್ತಿಸಬೇಕೆಂಬುದನ್ನು ನಿರ್ಧರಿಸುವುದು ಲೊಕೇಲ್, ಅಂದರೆ ಭಾಷೆ, ಪ್ರದೇಶ ಮತ್ತು ಎನ್‌ಕೋಡಿಂಗ್‌ಗಳ ಒಟ್ಟು ನಿಗದಿ. ಪ್ರತಿ ಸಿ ಪ್ರೋಗ್ರಾಂ ‘ಸಿ’ ಎಂಬ ಹೆಸರಿನ ಕನಿಷ್ಠ ಲೊಕೇಲ್‌ನಲ್ಲಿ ಶುರುವಾಗುತ್ತದೆ. ಬಳಕೆದಾರರ ಪರಿಸರದ ಲೊಕೇಲ್ ಬೇಕಿದ್ದರೆ ‘ಸೆಟ್‌ಲೊಕೇಲ್’ ಫಂಕ್ಷನ್ನನ್ನು ಖಾಲಿ ಸ್ಟ್ರಿಂಗ್‌ನೊಂದಿಗೆ ಕರೆಯಬೇಕು. ಆಗ ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ‘ಎಲ್‌ಸಿ-ಆಲ್’, ‘ಎಲ್‌ಸಿ-ಸಿಟೈಪ್’, ‘ಲ್ಯಾಂಗ್’ ಎಂಬ ಪರಿಸರ ಚರಗಳನ್ನು ಇದೇ ಕ್ರಮದಲ್ಲಿ ನೋಡಿ, ಮೊದಲು ಸಿಕ್ಕ ಬೆಲೆಯನ್ನು ಕ್ಯಾರೆಕ್ಟರ್ ಪರಿವರ್ತನೆಗೆ ಬಳಸಲಾಗುತ್ತದೆ. ಕರ್ನಾಟಕದ ಕನ್ನಡಕ್ಕೆ ಗ್ನೂ ಸಿ ಲೈಬ್ರರಿಯಲ್ಲಿ ‘ಕೆಎನ್-ಐಎನ್’ ಲೊಕೇಲ್ ಇದೆ. ಅದರ ಎನ್‌ಕೋಡಿಂಗ್ ಯುಟಿಎಫ್-8. ಕನ್ನಡ ಪಠ್ಯ ಬರೆಯಲು ಇದೇ ಬೇಕೆಂದಿಲ್ಲ. ಯುಟಿಎಫ್-8 ಬಳಸುವ ಯಾವ ಲೊಕೇಲ್ ಆದರೂ ಸಾಕು.

ಈ ಒಂದು ಕರೆಯನ್ನು ಬಿಟ್ಟರೆ ಫಲಿತಾಂಶ ತಕ್ಷಣ ಗೊತ್ತಾಗುತ್ತದೆ. ಲಿನಕ್ಸ್‌ನಲ್ಲಿ ಡಬ್ಲ್ಯುಪ್ರಿಂಟ್‌ಎಫ್ ಆಸ್ಕಿಯಲ್ಲಿಲ್ಲದ ಚಿಹ್ನೆಗಳ ಬದಲು ಪ್ರಶ್ನಾರ್ಥಕ ಚಿಹ್ನೆ ಮುದ್ರಿಸುತ್ತದೆ. ಸಾಮಾನ್ಯ ಪ್ರಿಂಟ್‌ಎಫ್‌ಗೆ ವೈಡ್ ಸ್ಟ್ರಿಂಗ್ ಕೊಟ್ಟರೆ ಅದು ಋಣ ಬೆಲೆ ಮರಳಿಸಿ, ಅಕ್ರಮ ಬೈಟ್ ಸರಣಿ ಎಂಬ ದೋಷವನ್ನು ದಾಖಲಿಸುತ್ತದೆ. ಕರೆ ಇದ್ದೂ ವಿಫಲವಾಗುವ ಸಂದರ್ಭಗಳಿವೆ. ಕೇಳಿದ ಲೊಕೇಲ್ ಯಂತ್ರದಲ್ಲಿ ಸ್ಥಾಪಿತವಾಗಿಲ್ಲದಿದ್ದರೆ ಸೆಟ್‌ಲೊಕೇಲ್ ಶೂನ್ಯ ಪಾಯಿಂಟರ್ ಮರಳಿಸುತ್ತದೆ, ಹಳೆಯ ಲೊಕೇಲ್ ಮುಂದುವರಿಯುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋದಾಗ ಮನೆಯ ಯಂತ್ರದ ಲೊಕೇಲ್ ಹೆಸರು ಅಲ್ಲಿ ಇಲ್ಲದಿರುವುದು, ಕ್ರಾನ್ ಓಡಿಸುವ ಕೆಲಸಗಳಿಗೆ ಲ್ಯಾಂಗ್ ಚರವೇ ಸಿಗದಿರುವುದು ಸಾಮಾನ್ಯ ಕಾರಣಗಳು. ಆದ್ದರಿಂದ ಮರಳಿ ಬಂದ ಬೆಲೆಯನ್ನು ಪರೀಕ್ಷಿಸುವುದು ಅಗತ್ಯ. 2022ರ 2.35ನೇ ಆವೃತ್ತಿಯಿಂದ ಗ್ನೂ ಸಿ ಲೈಬ್ರರಿ ಯಾವ ದೇಶಭಾಷೆಗೂ ಅಂಟದ, ಯುಟಿಎಫ್-8 ಮಾತ್ರ ಬಳಸುವ ‘ಸಿ.ಯುಟಿಎಫ್-8’ ಲೊಕೇಲನ್ನೂ ಒದಗಿಸುತ್ತದೆ.

ಬರೆಯುವ ಫಂಕ್ಷನ್‌ಗಳು

ಒಂದೇ ಕ್ಯಾರೆಕ್ಟರ್ ಬರೆಯಲು ‘ಎಫ್‌ಪುಟ್‌ಡಬ್ಲ್ಯುಸಿ’ ಮತ್ತು ‘ಪುಟ್‌ಡಬ್ಲ್ಯುಚಾರ್’, ಇಡೀ ಸ್ಟ್ರಿಂಗಿಗೆ ‘ಎಫ್‌ಪುಟ್‌ಡಬ್ಲ್ಯುಎಸ್’, ವಿನ್ಯಾಸಗೊಳಿಸಿದ ಬರಹಕ್ಕೆ ‘ಡಬ್ಲ್ಯುಪ್ರಿಂಟ್‌ಎಫ್’ ಮತ್ತು ‘ಎಫ್‌ಡಬ್ಲ್ಯುಪ್ರಿಂಟ್‌ಎಫ್’ ಇವೆ. ‘ಪುಟ್ಸ್’ ಫಂಕ್ಷನ್‌ಗೆ ವೈಡ್ ಜೊತೆಗಾರ ಮಾನಕದಲ್ಲಿಲ್ಲ. ಮೆಮೊರಿಯಲ್ಲಿ ಬರಹ ಸಿದ್ಧಪಡಿಸುವ ‘ಎಸ್‌ಡಬ್ಲ್ಯುಪ್ರಿಂಟ್‌ಎಫ್’ ಅಳತೆಯ ವಿಷಯದಲ್ಲಿ ತನ್ನ ಬೈಟ್ ಜೊತೆಗಾರನಿಗಿಂತ ಭಿನ್ನ. ‘ಎಸ್‌ಎನ್‌ಪ್ರಿಂಟ್‌ಎಫ್’ ಜಾಗ ಸಾಲದಿದ್ದರೆ ಎಷ್ಟು ಬೇಕಿತ್ತೆಂದು ತಿಳಿಸುತ್ತದೆ. ಎಸ್‌ಡಬ್ಲ್ಯುಪ್ರಿಂಟ್‌ಎಫ್ ಋಣ ಬೆಲೆ ಮರಳಿಸಿ ಸುಮ್ಮನಾಗುತ್ತದೆ.

ವಿನ್ಯಾಸ ಸೂಚಕಗಳಲ್ಲಿ ‘%ಎಲ್‌ಎಸ್’ ವೈಡ್ ಸ್ಟ್ರಿಂಗಿಗೂ ‘%ಎಲ್‌ಸಿ’ ವೈಡ್ ಕ್ಯಾರೆಕ್ಟರಿಗೂ ಮೀಸಲು. ಇವು ಪ್ರಿಂಟ್‌ಎಫ್‌ನಲ್ಲೂ ಡಬ್ಲ್ಯುಪ್ರಿಂಟ್‌ಎಫ್‌ನಲ್ಲೂ ಒಂದೇ ಅರ್ಥ ಕೊಡುತ್ತವೆ. ಬರಿಯ ‘%ಎಸ್’ ಹಾಗಲ್ಲ. ಮಾನಕದ ಪ್ರಕಾರ ಅದು ಡಬ್ಲ್ಯುಪ್ರಿಂಟ್‌ಎಫ್‌ನಲ್ಲೂ ಬೈಟ್ ಸ್ಟ್ರಿಂಗನ್ನೇ ಸೂಚಿಸುತ್ತದೆ. ಮೈಕ್ರೋಸಾಫ್ಟ್ ಲೈಬ್ರರಿ ಅಲ್ಲಿ ವೈಡ್ ಸ್ಟ್ರಿಂಗನ್ನು ನಿರೀಕ್ಷಿಸುತ್ತದೆ. ಎರಡೂ ಕಡೆ ಓಡಬೇಕಾದ ಪ್ರೋಗ್ರಾಂ ವೈಡ್ ಸ್ಟ್ರಿಂಗಿಗೆ ಯಾವಾಗಲೂ ‘%ಎಲ್‌ಎಸ್’ ಬಳಸಬೇಕು.

ಸೂಚಕದೊಳಗೆ ಕೊಡುವ ಅಗಲದ ಸಂಖ್ಯೆ ಪ್ರಿಂಟ್‌ಎಫ್‌ಗೆ ಬೈಟ್‌ಗಳ ಲೆಕ್ಕ, ಡಬ್ಲ್ಯುಪ್ರಿಂಟ್‌ಎಫ್‌ಗೆ ವೈಡ್ ಕ್ಯಾರೆಕ್ಟರ್‌ಗಳ ಲೆಕ್ಕ. ಎರಡೂ ಕಾಲಂಗಳ ಲೆಕ್ಕವಲ್ಲ. 20 ಅಗಲದ ಜಾಗದಲ್ಲಿ ‘ಕನ್ನಡ’ ಪದವನ್ನಿಟ್ಟರೆ ಪ್ರಿಂಟ್‌ಎಫ್ 15 ಬೈಟ್ ಎಣಿಸಿ 5 ಖಾಲಿ ಜಾಗ ಸೇರಿಸುತ್ತದೆ; ಡಬ್ಲ್ಯುಪ್ರಿಂಟ್‌ಎಫ್ 5 ಕ್ಯಾರೆಕ್ಟರ್ ಎಣಿಸಿ 15 ಖಾಲಿ ಜಾಗ ಸೇರಿಸುತ್ತದೆ. ಪದ 4 ಕಾಲಂ ಆಕ್ರಮಿಸುವ ತೆರೆಯಲ್ಲಿ ಬೇಕಾಗಿದ್ದದ್ದು 16. ಕನ್ನಡ ಹೆಸರುಗಳ ಪಟ್ಟಿಯನ್ನು ಹೀಗೆ ಮುದ್ರಿಸಿದಾಗ ಬಲಬದಿಯ ಅಂಕಿಗಳು ಸಾಲಿಗೊಂದು ಕಡೆ ನಿಲ್ಲಲು ಇದೇ ಕಾರಣ.

ಸ್ಟ್ರೀಮ್‌ನ ದಿಕ್ಕು

ಸಿ ಭಾಷೆಯ ಪ್ರತಿ ಸ್ಟ್ರೀಮ್ ತೆರೆದಾಗ ಯಾವ ದಿಕ್ಕಿಗೂ ಬದ್ಧವಾಗಿರುವುದಿಲ್ಲ. ಅದರ ಮೇಲೆ ನಡೆಯುವ ಮೊದಲ ಓದು ಅಥವಾ ಬರಹ ಅದನ್ನು ಬೈಟ್ ದಿಕ್ಕಿಗೋ ವೈಡ್ ದಿಕ್ಕಿಗೋ ಕಟ್ಟಿಹಾಕುತ್ತದೆ. ‘ಎಫ್‌ವೈಡ್’ ಫಂಕ್ಷನ್ ಬದ್ಧವಾಗದ ಸ್ಟ್ರೀಮ್‌ನ ದಿಕ್ಕನ್ನು ನಿಗದಿ ಮಾಡಬಲ್ಲದು ಮತ್ತು ಈಗಿನ ದಿಕ್ಕನ್ನು ಹೇಳಬಲ್ಲದು, ಆದರೆ ಒಮ್ಮೆ ನಿಂತ ದಿಕ್ಕನ್ನು ಬದಲಿಸಲಾರದು. ಬದಲಿಸಲು ‘ಎಫ್‌ರೀಓಪನ್’ ಮೂಲಕ ಸ್ಟ್ರೀಮನ್ನು ಮತ್ತೆ ತೆರೆಯಬೇಕು.

ಒಂದೇ ಔಟ್‌ಪುಟ್ ಸ್ಟ್ರೀಮ್‌ಗೆ ಪ್ರಿಂಟ್‌ಎಫ್ ಮತ್ತು ಡಬ್ಲ್ಯುಪ್ರಿಂಟ್‌ಎಫ್ ಎರಡನ್ನೂ ಬಳಸುವುದನ್ನು ಮಾನಕ ಒಪ್ಪುವುದಿಲ್ಲ. ಗ್ನೂ ಸಿ ಲೈಬ್ರರಿಯಲ್ಲಿ ಎರಡನೆಯದಾಗಿ ಬಂದ ಬಗೆಯ ಕರೆ ಏನನ್ನೂ ಮುದ್ರಿಸದೆ ಋಣ ಬೆಲೆ ಮರಳಿಸುತ್ತದೆ. ಕಂಪೈಲರ್ ಎಚ್ಚರಿಸುವುದಿಲ್ಲ, ಪ್ರೋಗ್ರಾಂ ನಿಲ್ಲುವುದಿಲ್ಲ, ಸಾಲು ಮಾತ್ರ ಕಾಣೆಯಾಗುತ್ತದೆ. ಪ್ರೋಗ್ರಾಂ ಬಳಸುವ ಬೇರೆ ಲೈಬ್ರರಿಯೊಂದು ಮೊದಲೇ ಪ್ರಿಂಟ್‌ಎಫ್ ಕರೆದಿದ್ದರೂ ಹೀಗಾಗುತ್ತದೆ. ಬೈಟ್ ಸ್ಟ್ರೀಮನ್ನೇ ಉಳಿಸಿಕೊಂಡು ‘%ಎಲ್‌ಎಸ್’ ಸೂಚಕದಿಂದ ವೈಡ್ ಪಠ್ಯವನ್ನು ಪ್ರಿಂಟ್‌ಎಫ್ ಮೂಲಕವೇ ಕಳಿಸುವುದು ಇದರಿಂದ ಪಾರಾಗುವ ಸರಳ ದಾರಿ.

ಟರ್ಮಿನಲ್‌ನ ಚೌಕಗಳು

ಯೂನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ವೈಡ್ ಕ್ಯಾರೆಕ್ಟರ್ ಎಂಬುದು ಪ್ರೋಗ್ರಾಮಿನ ಒಳಗಷ್ಟೇ ಇರುತ್ತದೆ. ಹೊರಗೆ ಹೋಗುವುದು ಬೈಟ್‌ಗಳು ಮಾತ್ರ. ಟರ್ಮಿನಲ್ ಎಮ್ಯುಲೇಟರ್ ಆ ಬೈಟ್‌ಗಳನ್ನು ತಾನು ನಂಬಿದ ಎನ್‌ಕೋಡಿಂಗ್‌ನಲ್ಲಿ ಓದುತ್ತದೆ. ಪ್ರೋಗ್ರಾಮಿನ ಲೊಕೇಲ್ ಮತ್ತು ಟರ್ಮಿನಲ್‌ನ ನಂಬಿಕೆ ಬೇರೆಯಾದರೆ ಒಂದು ಕನ್ನಡ ಸಂಕೇತದ ಜಾಗದಲ್ಲಿ ಸಂಬಂಧವಿಲ್ಲದ ಎರಡು ಮೂರು ಲ್ಯಾಟಿನ್ ಚಿಹ್ನೆಗಳು ಮೂಡುತ್ತವೆ.

ಇಂದಿನ ಟರ್ಮಿನಲ್ ಕಿಟಕಿಗಳು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1978ರಲ್ಲಿ ತಂದ ವಿಟಿ100 ಯಂತ್ರದ ವಂಶಸ್ಥರು. ಅದರ ತೆರೆಯಲ್ಲಿ 24 ಸಾಲು, ಸಾಲಿಗೆ 80 ಕಾಲಂ. ಶಾಲೆಯ ಗಣಿತದ ಚೌಕುಳಿ ಹಾಳೆಯಂತೆ ಪ್ರತಿ ಚೌಕಕ್ಕೆ ಒಂದು ಚಿಹ್ನೆ. ಈ ಕಲ್ಪನೆಯೊಳಗೆ ಜಗತ್ತಿನ ಲಿಪಿಗಳನ್ನು ಕೂರಿಸಲು ‘ಡಬ್ಲ್ಯುಸಿವಿಡ್ತ್’ ಮತ್ತು ‘ಡಬ್ಲ್ಯುಸಿಎಸ್‌ವಿಡ್ತ್’ ಎಂಬ ಎರಡು ಫಂಕ್ಷನ್‌ಗಳಿವೆ. ಇವು ಸಿ ಮಾನಕದ್ದಲ್ಲ, ಎಕ್ಸ್/ಓಪನ್ ಮತ್ತು ಪಾಸಿಕ್ಸ್ ಪರಂಪರೆಯವು. ಮೊದಲನೆಯದು ಒಂದು ಕ್ಯಾರೆಕ್ಟರ್‌ಗೆ ಎಷ್ಟು ಕಾಲಂ ಬೇಕೆಂದು ಹೇಳುತ್ತದೆ: ಸಾಮಾನ್ಯ ಚಿಹ್ನೆಗೆ 1, ಚೀನೀ ಅಥವಾ ಜಪಾನೀ ಚಿತ್ರಾಕ್ಷರಕ್ಕೆ 2, ಹಿಂದಿನ ಚಿಹ್ನೆಗೆ ಅಂಟುವ ಗುರುತಿಗೆ 0, ಮುದ್ರಿಸಲಾಗದ ನಿಯಂತ್ರಣ ಸಂಕೇತಕ್ಕೆ -1. ಎರಡನೆಯದು ಇಡೀ ಸ್ಟ್ರಿಂಗಿನ ಮೊತ್ತ ಕೊಡುತ್ತದೆ. ಕಾಲಂಗಳನ್ನು ಸಾಲುಗೂಡಿಸಬೇಕಾದ ಪ್ರೋಗ್ರಾಂ ಈ ಮೊತ್ತವನ್ನು ನೋಡಿ ಖಾಲಿ ಜಾಗಗಳನ್ನು ತಾನೇ ತುಂಬಬೇಕು.

ಪ್ರೋಗ್ರಾಂ ಲೈಬ್ರರಿಯ ಅಗಲಪಟ್ಟಿಯನ್ನು ನೋಡುತ್ತದೆ, ಟರ್ಮಿನಲ್ ತನ್ನದೇ ಪಟ್ಟಿಯನ್ನು ನೋಡುತ್ತದೆ. ಎರಡೂ ಬೇರೆ ಬೇರೆ ಯೂನಿಕೋಡ್ ಆವೃತ್ತಿಗಳಿಂದ ಬಂದಿದ್ದರೆ ಕರ್ಸರ್ ಎಲ್ಲಿದೆ ಎಂಬುದರಲ್ಲೇ ಒಮ್ಮತವಿರುವುದಿಲ್ಲ. 2016ರ ಯೂನಿಕೋಡ್ 9 ಅನೇಕ ಎಮೋಜಿಗಳನ್ನು ಎರಡು ಕಾಲಂ ಅಗಲದವೆಂದು ಗುರುತಿಸಿದಾಗ ಇಂಥ ಭಿನ್ನತೆ ವ್ಯಾಪಕವಾಗಿ ಕಂಡಿತು.

ಇಡೀ ಕಿಟಕಿಯನ್ನು ನಿಯಂತ್ರಿಸುವ ಪ್ರೋಗ್ರಾಂಗಳಿಗೆ ಎನ್‌ಕರ್ಸಸ್ ಲೈಬ್ರರಿಯ ವೈಡ್ ಆವೃತ್ತಿಯಾದ ‘ಎನ್‌ಕರ್ಸಸ್‌ಡಬ್ಲ್ಯು’ ಇದೆ. ‘ಆ್ಯಡ್‌ಡಬ್ಲ್ಯುಎಸ್‌ಟಿಆರ್’ ಅದರಲ್ಲಿ ಸ್ಟ್ರಿಂಗ್ ಬರೆಯುತ್ತದೆ. ತೆರೆಯ ಒಂದು ಚೌಕವನ್ನು ಪ್ರತಿನಿಧಿಸುವ ‘ಸಿಚಾರ್-ಟಿ’ ರಚನೆಯಲ್ಲಿ ಬಣ್ಣ ಮತ್ತಿತರ ಗುಣಗಳ ಜೊತೆಗೆ 5 ವೈಡ್ ಕ್ಯಾರೆಕ್ಟರ್‌ಗಳಿಗೆ ಜಾಗವಿದೆ: ಒಂದು ಮೂಲ ಚಿಹ್ನೆ, ಉಳಿದವು ಅದಕ್ಕೆ ಅಂಟುವ ಗುರುತುಗಳು. ತೆರೆಯನ್ನು ಸಿದ್ಧಗೊಳಿಸುವ ‘ಇನಿಟ್‌ಎಸ್‌ಸಿಆರ್’ ಕರೆಗೆ ಮೊದಲೇ ಸೆಟ್‌ಲೊಕೇಲ್ ಕರೆಯದಿದ್ದರೆ ಈ ಸೌಲಭ್ಯ ಸರಿಯಾಗಿ ಕೆಲಸ ಮಾಡುವುದಿಲ್ಲ.

ವಿಂಡೋಸ್ ಕನ್ಸೋಲ್

ವಿಂಡೋಸ್‌ನಲ್ಲಿ ವ್ಯವಸ್ಥೆಯ ಒಳಭಾಷೆಯೇ ಯುಟಿಎಫ್-16. ಬೈಟ್‌ಗಳಾಗಿ ಪರಿವರ್ತಿಸದೆ ವೈಡ್ ಪಠ್ಯವನ್ನು ಕನ್ಸೋಲ್‌ಗೆ ನೇರವಾಗಿ ಕೊಡುವ ‘ರೈಟ್‌ಕನ್ಸೋಲ್-ಡಬ್ಲ್ಯು’ ಫಂಕ್ಷನ್ ಅಲ್ಲಿದೆ. ಅದು ಕನ್ಸೋಲ್‌ಗೆ ಮಾತ್ರ ಸಲ್ಲುತ್ತದೆ. ಔಟ್‌ಪುಟನ್ನು ಫೈಲಿಗೆ ಅಥವಾ ಪೈಪ್‌ಗೆ ತಿರುಗಿಸಿದ್ದರೆ ವಿಫಲವಾಗುತ್ತದೆ. ‘ಗೆಟ್‌ಕನ್ಸೋಲ್‌ಮೋಡ್’ ಮೂಲಕ ಪರೀಕ್ಷಿಸಿ, ಕನ್ಸೋಲ್ ಅಲ್ಲದಿದ್ದರೆ ಆಯ್ದ ಎನ್‌ಕೋಡಿಂಗ್‌ನಲ್ಲಿ ಬೈಟ್‌ಗಳನ್ನು ಬರೆಯುವುದು ವಾಡಿಕೆ.

ಸಿ ಫಂಕ್ಷನ್‌ಗಳನ್ನೇ ಬಳಸುವವರಿಗೆ ಎರಡು ದಾರಿಗಳಿವೆ. ‘ಸೆಟ್‌ಮೋಡ್’ ಕರೆಯಿಂದ ಸ್ಟ್ರೀಮನ್ನು ಯುಟಿಎಫ್-16 ಪಠ್ಯ ಸ್ಥಿತಿಗೆ ತಂದರೆ ಡಬ್ಲ್ಯುಪ್ರಿಂಟ್‌ಎಫ್ ಸರಿಯಾಗಿ ಬರೆಯುತ್ತದೆ. ಆದರೆ ಆಮೇಲೆ ಆ ಸ್ಟ್ರೀಮ್‌ಗೆ ಪ್ರಿಂಟ್‌ಎಫ್ ಬಳಸುವಂತಿಲ್ಲ. ಎರಡನೆಯ ದಾರಿ ಕನ್ಸೋಲ್‌ನ ಔಟ್‌ಪುಟ್ ಕೋಡ್ ಪುಟವನ್ನು 65001ಕ್ಕೆ, ಅಂದರೆ ಯುಟಿಎಫ್-8ಕ್ಕೆ ಬದಲಿಸಿ ಬೈಟ್ ಸ್ಟ್ರಿಂಗ್‌ಗಳನ್ನು ಬರೆಯುವುದು. 2018ರ 1803ನೇ ಆವೃತ್ತಿಯ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್‌ನ ಸಿ ಲೈಬ್ರರಿಯೂ ಯುಟಿಎಫ್-8 ಲೊಕೇಲ್ ಒಪ್ಪುತ್ತದೆ. ಕನ್ನಡದ ಮಟ್ಟಿಗೆ ಇದು ಗಣನೀಯ ಬದಲಾವಣೆ. ಪಶ್ಚಿಮ ಯುರೋಪಿನ ಭಾಷೆಗಳಿಗೆ ಇದ್ದಂತೆ ಕನ್ನಡಕ್ಕೆ ವಿಂಡೋಸ್‌ನಲ್ಲಿ ತನ್ನದೇ ಆನ್ಸಿ ಕೋಡ್ ಪುಟ ಇರಲಿಲ್ಲ. ಇಸ್ಕಿಗೆ ಮೀಸಲಾದ 57008 ಪರಿವರ್ತನೆಗೆ ಇದ್ದದ್ದು.

ಹಳೆಯ ಕನ್ಸೋಲ್ ಕಿಟಕಿ ಸಂಕೀರ್ಣ ಲಿಪಿಗಳನ್ನು ಜೋಡಿಸುತ್ತಿರಲಿಲ್ಲ. ಸಂಕೇತಗಳು ಸರಿಯಾಗಿ ತಲುಪಿದ್ದರೂ ಫಾಂಟ್ ಇಲ್ಲದೆ ಖಾಲಿ ಚೌಕಗಳೇ ಕಾಣಿಸುತ್ತಿದ್ದವು. 2020ರ ಮೇ ತಿಂಗಳಲ್ಲಿ 1.0 ಆವೃತ್ತಿ ತಲುಪಿದ ವಿಂಡೋಸ್ ಟರ್ಮಿನಲ್ ಬೇರೆ ಫಾಂಟಿನಿಂದ ಚಿಹ್ನೆಯನ್ನು ಎರವಲು ಪಡೆಯಬಲ್ಲ ಡೈರೆಕ್ಟ್‌ರೈಟ್ ತಂತ್ರವನ್ನು ಬಳಸುತ್ತದೆ.

ಕನ್ನಡ ಲಿಪಿಯ ವಿಶೇಷ ತೊಡಕುಗಳು

ಯೂನಿಕೋಡ್ ಕನ್ನಡದ ಸ್ವರಚಿಹ್ನೆಗಳನ್ನು ಎರಡು ವರ್ಗಗಳಲ್ಲಿ ಇಟ್ಟಿದೆ. ಗುಡಿಸು ಮತ್ತು ವಿರಾಮಚಿಹ್ನೆ ಜಾಗ ತೆಗೆದುಕೊಳ್ಳದ ಗುರುತುಗಳು. ದೀರ್ಘದ ‘ಾ’ ಮತ್ತು ಕೊಂಬು ಜಾಗ ತೆಗೆದುಕೊಳ್ಳುವವು. ಹೀಗಾಗಿ ಗ್ನೂ ಸಿ ಲೈಬ್ರರಿಯ ಲೆಕ್ಕದಲ್ಲಿ ‘ಕಿ’ 1 ಕಾಲಂ, ‘ಕಾ’ 2 ಕಾಲಂ. ‘ನ್ನ’ ಎಂಬ ಒತ್ತಕ್ಷರದಲ್ಲಿ ಮೊದಲ ನಕಾರ ಮತ್ತು ವಿರಾಮಚಿಹ್ನೆ ಒಂದು ಚೌಕಕ್ಕೆ, ಎರಡನೆಯ ನಕಾರ ಮುಂದಿನ ಚೌಕಕ್ಕೆ ಹೋಗುತ್ತವೆ. ಚೌಕ ಚೌಕವಾಗಿ ಚಿತ್ರಿಸುವ ಟರ್ಮಿನಲ್ ಅವನ್ನು ಒತ್ತಾಗಿ ಜೋಡಿಸದೆ ‘ನ್‌ನ’ ಎಂದು ಬಿಡಿಯಾಗಿ ತೋರಿಸುತ್ತದೆ. ‘ಸೂರ್ಯ’ ಪದದ ಅರ್ಕಾವತ್ತು ಇನ್ನೂ ಕಷ್ಟ: ಸಂಕೇತಗಳ ಸಾಲಿನಲ್ಲಿ ರೇಫ ಯಕಾರಕ್ಕಿಂತ ಮೊದಲು ಬರುತ್ತದೆ, ಬರಹದಲ್ಲಿ ಅದರ ಗುರುತು ಯಕಾರದ ಬಲಕ್ಕೆ ನಿಲ್ಲುತ್ತದೆ. ಚಿಹ್ನೆಗಳು ತಮ್ಮ ಚೌಕಗಳನ್ನು ಬಿಟ್ಟು ಕದಲದ ಟರ್ಮಿನಲ್‌ನಲ್ಲಿ ಈ ಸ್ಥಾನಪಲ್ಲಟ ಆಗುವುದಿಲ್ಲ.

ಇದನ್ನು ಸಿ ಪ್ರೋಗ್ರಾಂ ಸರಿಪಡಿಸಲಾರದು, ಜೋಡಣೆ ಟರ್ಮಿನಲ್‌ನ ಕೆಲಸ. ಓಪನ್‌ಟೈಪ್ ಫಾಂಟಿನ ನಿಯಮಗಳನ್ನು ಅನ್ವಯಿಸುವ ಹಾರ್ಫ್‌ಬಜ್‌ನಂಥ ಲೈಬ್ರರಿಗಳು ಇವೆ. ಎಂಎಲ್‌ಟರ್ಮ್‌ನಂಥ ಕೆಲವು ಎಮ್ಯುಲೇಟರ್‌ಗಳು ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟೇ ಬೆಳೆದಿವೆ. ಲಿನಕ್ಸ್‌ನ ಚಿತ್ರಾತ್ಮಕವಲ್ಲದ ಮೂಲ ಕನ್ಸೋಲ್‌ನಲ್ಲಿ ಫಾಂಟಿಗೆ ಗರಿಷ್ಠ 512 ಆಕಾರಗಳ ಮಿತಿಯಿದ್ದು, ಲಿಪಿಜೋಡಣೆಯ ವ್ಯವಸ್ಥೆಯೇ ಇಲ್ಲ.

ಒಂದೇ ರೂಪವನ್ನು ಎರಡು ಬಗೆಯಲ್ಲಿ ಸಂಕೇತಿಸಬಹುದೆಂಬುದನ್ನೂ ಗಮನಿಸಬೇಕು. ‘ಕೊ’ ಅಕ್ಷರದ ಸ್ವರಚಿಹ್ನೆ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎತ್ವ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿರಬಹುದು. ನೋಟ ಒಂದೇ, ವೈಡ್ ಕ್ಯಾರೆಕ್ಟರ್‌ಗಳ ಸಂಖ್ಯೆ ಬೇರೆ. ಹೋಲಿಸುವ ಅಥವಾ ಕತ್ತರಿಸುವ ಮೊದಲು ಪಠ್ಯವನ್ನು ಯೂನಿಕೋಡ್‌ನ ಪ್ರಮಾಣಿತ ರೂಪಕ್ಕೆ ತರುವುದು ಇದಕ್ಕಾಗಿ. ಆ ಕೆಲಸಕ್ಕೆ ಸಿ ಮಾನಕ ಲೈಬ್ರರಿಯಲ್ಲಿ ಫಂಕ್ಷನ್ ಇಲ್ಲ. ಐಸಿಯುನಂಥ ಪ್ರತ್ಯೇಕ ಲೈಬ್ರರಿ ಬೇಕು.

ವೈಡ್ ಕ್ಯಾರೆಕ್ಟರ್ ಮತ್ತು ಯುಟಿಎಫ್-8

ಪಠ್ಯವನ್ನು ಪಡೆದು ಹಾಗೆಯೇ ಹೊರಗೆ ಕಳಿಸುವುದಷ್ಟೇ ಕೆಲಸವಾದರೆ ವೈಡ್ ಕ್ಯಾರೆಕ್ಟರ್ ಬೇಕಿಲ್ಲ. ಲಿನಕ್ಸ್ ಮತ್ತು ಮ್ಯಾಕ್‌ಒಎಸ್‌ನಲ್ಲಿ ಯುಟಿಎಫ್-8 ಬೈಟ್ ಸ್ಟ್ರಿಂಗನ್ನು ಪುಟ್ಸ್ ಅಥವಾ ಪ್ರಿಂಟ್‌ಎಫ್ ಬದಲಿಸದೆ ರವಾನಿಸುತ್ತವೆ. ಸೆಟ್‌ಲೊಕೇಲ್ ಕರೆಯೂ ಅದಕ್ಕೆ ಅಗತ್ಯವಲ್ಲ. ಹೊಸ ಪ್ರೋಗ್ರಾಂಗಳಲ್ಲಿ ಪಠ್ಯವನ್ನು ಯುಟಿಎಫ್-8 ಆಗಿಯೇ ಇಟ್ಟುಕೊಂಡು, ಒಂದೊಂದು ಸಂಕೇತವನ್ನು ಪರೀಕ್ಷಿಸಬೇಕಾದಲ್ಲಿ ಮಾತ್ರ ‘ಎಂಬಿಆರ್‌ಟೋಡಬ್ಲ್ಯುಸಿ’ ಮೂಲಕ ವೈಡ್ ರೂಪಕ್ಕೆ ತರುವುದು ಹೆಚ್ಚು ಬಳಕೆಯಲ್ಲಿದೆ. ಬಫರ್‌ನ ಕೊನೆಯಲ್ಲಿ ಮೂರು ಬೈಟ್‌ಗಳ ಅಕ್ಷರ ಎರಡಕ್ಕೇ ತುಂಡಾಗಿದ್ದರೆ ಆ ಫಂಕ್ಷನ್ ಅಪೂರ್ಣ ಎಂಬ ವಿಶೇಷ ಬೆಲೆ ಮರಳಿಸಿ, ಉಳಿದ ಬೈಟ್ ಬರುವವರೆಗೆ ಸ್ಥಿತಿಯನ್ನು ಕಾಯ್ದಿಡುತ್ತದೆ.

ಅಗಲದ ಲೆಕ್ಕ, ವರ್ಣವರ್ಗಗಳ ಪರೀಕ್ಷೆ, ಎನ್‌ಕರ್ಸಸ್‌ನ ವೈಡ್ ಫಂಕ್ಷನ್‌ಗಳು ಮತ್ತು ವಿಂಡೋಸ್‌ನ ವ್ಯವಸ್ಥಾ ಕರೆಗಳು ಡಬ್ಲ್ಯುಚಾರ್-ಟಿ ಮಾದರಿಯನ್ನೇ ಕೇಳುವುದರಿಂದ ಅದು ಬಳಕೆಯಿಂದ ಮರೆಯಾಗಿಲ್ಲ. 2024ರಲ್ಲಿ ಪ್ರಕಟವಾದ ಸಿ23 ಮಾನಕವು ಯುಟಿಎಫ್-8 ಘಟಕಗಳಿಗೆ ‘ಚಾರ್8-ಟಿ’ ಎಂಬ ಹೆಸರನ್ನೂ, ಅದಕ್ಕೂ ಮಲ್ಟಿಬೈಟ್ ರೂಪಕ್ಕೂ ನಡುವಿನ ಪರಿವರ್ತನೆಯ ಫಂಕ್ಷನ್‌ಗಳನ್ನೂ ಸೇರಿಸಿದೆ. ವೈಡ್ ಸ್ಟ್ರೀಮ್‌ನ ನಿಯಮಗಳು 1995ರಲ್ಲಿ ರೂಪುಗೊಂಡ ನೆಲೆಯಲ್ಲೇ ಮುಂದುವರಿದಿವೆ.